ಬೆಲೆಚೀಟಿಯೂ ಉದ್ರಿ ಪುಸ್ತಕವೂ

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸಂಸಾರ ಹೂಡಿರುವ ನನ್ನ ತಂಗಿಯ ಮಗಳು ರಜೆಗೆಂದು ಅಡ್ಡಗದ್ದೆಯ ಮನೆಗೆ ಬಂದಿದ್ದಳು. ಒಂದು ಸಂಜೆ ತಾಯಿಯೊಡನೆ ಶೃಂಗೇರಿಗೆ ಸಾಮಾನು ತರಲು ಹೋಗಿ ಬಂದವಳ ಮುಖ ಸಪ್ಪಗಿತ್ತು. "ದೊಡ್ಡಮ್ಮ, ಒಂದು ಕಟ್ಟು ಹರಿವೆ ಸೊಪ್ಪಿಗೆ ಅಮ್ಮ ಐದು ರೂಪಾಯಿ ಕಡಿಮೆ ಮಾಡಿಸಿದಳು. ಆ ಹೆಂಗಸಿನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಸೋಪು, ಪುಡಿಗಳಿಗೆ ಮಾತ್ರ ಹೇಳಿದಷ್ಟೂ ಕೊಟ್ಟಳು" ಎಂದಳು.

ತಂಗಿಗೆ ಸಿಟ್ಟು ಬಂತು. "ಕೈಯಲ್ಲಿ ದುಡ್ಡಿಲ್ಲದ ದಿನ ನಿನ್ನ ಊರಿನಲ್ಲಿ ಯಾವ ಅಂಗಡಿಯವನು ಒಂದು ಬ್ರೆಡ್ ಕೊಡುತ್ತಾನೆ, ಹೇಳು?"

ಇಬ್ಬರೂ ನನ್ನ ಮುಖ ನೋಡಿದರು. ಆ ದಿನ ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ. ಆದರೆ ಪ್ರಶ್ನೆ ಒಳಗೂ ಬಂತು.

ಮಗಳು ಹೇಳುವ ಅಂಗಡಿ ಹೀಗಿದೆ. ಕಪಾಟಿನ ಮೇಲೆ ಬೆಲೆ ತೆರಿಗೆ ಸಹಿತ ಬರೆದಿರುತ್ತದೆ. ಕಿಲೋಗೆ ಎಷ್ಟಾಯಿತೆಂದು ಕೂಡ ಸಣ್ಣ ಅಕ್ಷರದಲ್ಲಿರುತ್ತದೆ. ಮಂತ್ರಿಗೂ, ನಿನ್ನೆ ಬಂದ ನಿರಾಶ್ರಿತನಿಗೂ ಆಲೂಗಡ್ಡೆಯ ಬೆಲೆ ಒಂದೇ. ಲೆಕ್ಕ ಮಾಡುವ ಹುಡುಗಿ ಕುರ್ಚಿಯಲ್ಲಿ ಕುಳಿತೇ ಕೆಲಸ ಮಾಡುತ್ತಾಳೆ. ನಮ್ಮಲ್ಲಿ ಅಂಗಡಿ ಕೆಲಸದವರಿಗೆ ಕುಳಿತುಕೊಳ್ಳುವ ಹಕ್ಕು ಕೊಡಲು ಕೇರಳವು 2018ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಕಾನೂನಿನಂತೆಯೇ ಮುಚ್ಚಿರುತ್ತವೆ. ಮೊದಲ ವರ್ಷ ಇವಳಿಗೆ ಅದು ದೊಡ್ಡ ಕಿರಿಕಿರಿಯಾಗಿತ್ತಂತೆ. ಈಗ ಗಂಡ ಮಕ್ಕಳೊಡನೆ ನಿಶ್ಚಿಂತೆಯಿಂದ ಕಳೆಯುವುದು ಅದೊಂದೇ ದಿನವೆನ್ನುತ್ತಾಳೆ. ಭಾನುವಾರ ಪೂಜೆ ಮುಗಿಸಿ ನೇರವಾಗಿ ಪೇಟೆಗೆ ಚೀಲ ಹಿಡಿದು ಹೊರಡುವ ನಾವು ಇದನ್ನು ಕೇಳಿ ಸುಮ್ಮನಿರುವುದೇ ಲೇಸು.

ಇನ್ನು ನಮ್ಮ ಅಂಗಡಿ. ಅಡಿಕೆಯವರ ಮನೆಯಲ್ಲಿ ದುಡ್ಡು ಕಾಣುವುದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಅಡಿಕೆ ಕೊಟ್ಟ ಮೇಲೆ. ಜಡಿಮಳೆಯ ತಿಂಗಳುಗಳಲ್ಲಿ ಅಕ್ಕಿ, ಎಣ್ಣೆ, ಬೆಲ್ಲ ಎಲ್ಲವೂ ಉದ್ರಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತಿದೆ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ತಂಗಿಯ ತೋಟ ಹಳದಿಯಾದ ವರ್ಷ ಅಂಗಡಿಯವರು ಬಾಕಿಯನ್ನು ಹೊಸ ಪುಸ್ತಕಕ್ಕೆ ಬರೆದುಕೊಂಡರೇ ಹೊರತು ಕೊಡಿ ಎನ್ನಲಿಲ್ಲ. ಈ ಮಗಳ ಹಾಸ್ಟೆಲ್ ಶುಲ್ಕ ಕಟ್ಟಲು ಸಾಧ್ಯವಾದದ್ದು ಅಂಗಡಿಯ ಬಾಕಿ ನಿಂತಿದ್ದರಿಂದ. ಯಾವ ಬೆಲೆಚೀಟಿಯೂ ಹೀಗೆ ಕಾಯುವುದಿಲ್ಲ.

ಆದರೆ ಉದ್ರಿಯ ಇನ್ನೊಂದು ಮುಖವನ್ನೂ ನೋಡಬೇಕು. ಬಾಕಿ ಇರುವವನು ತೂಕದ ಬಗ್ಗೆ ಪ್ರಶ್ನಿಸುವಂತಿಲ್ಲ, ಬೆಲೆ ಹೆಚ್ಚಾಯಿತೆಂದು ಬೇರೆ ಅಂಗಡಿಗೆ ಹೋಗುವಂತಿಲ್ಲ. ಕಾಫಿ ತೋಟಕ್ಕೆ ಅಸ್ಸಾಮಿನಿಂದ ಬಂದ ಕೂಲಿಯವರಿಗೆ ಪರಿಚಯವಿಲ್ಲವೆಂದು ಆ ಪುಸ್ತಕದಲ್ಲಿ ಹಾಳೆಯೇ ಸಿಗುವುದಿಲ್ಲ. ನಮ್ಮನ್ನು ಕಾಯುವ ದಯೆ ಪರಿಚಿತರ ಮನೆಯಂಗಳದಲ್ಲೇ ನಿಂತುಬಿಡುತ್ತದೆ. ಮ್ಯೂನಿಕ್‌ನ ಬೆಲೆಚೀಟಿಗೆ ದಯೆ ಇಲ್ಲ, ನಿಜ. ಅದು ಮುಖ ನೋಡುವುದೂ ಇಲ್ಲ.

ನನ್ನನ್ನು ಹೆಚ್ಚು ಚುಚ್ಚಿದ್ದು ಹರಿವೆ ಸೊಪ್ಪಿನ ಮಾತು. ನಮ್ಮ ದೇಶದಲ್ಲಿ ಪೊಟ್ಟಣದ ಸಾಮಾನಿನ ಮೇಲೆ ತೆರಿಗೆ ಸೇರಿದ ಗರಿಷ್ಠ ಬೆಲೆಯನ್ನು ಅಚ್ಚು ಹಾಕುವ ನಿಯಮ 1990ರಿಂದ ಇದೆ. ಅಚ್ಚಾದ ಬೆಲೆಗೆ ನಾವು ತಲೆಬಾಗುತ್ತೇವೆ. ಅದು ಗರಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೂ ಕೇಳಬಹುದು ಎಂಬುದು ನೆನಪಿಗೇ ಬರುವುದಿಲ್ಲ. ಚೌಕಾಸಿಯೆಲ್ಲ ಬಾಯಿಮಾತಿನ ಬೆಲೆಯೊಡನೆ: ಸೊಪ್ಪು, ಮೀನು, ಮಣ್ಣಿನ ಮಡಕೆ. ಅಂದರೆ ನಮಗಿಂತ ಬಡವರೊಡನೆ! ಇದನ್ನು ಮಿತವ್ಯಯ ಎಂದು ಮಕ್ಕಳಿಗೂ ಕಲಿಸುತ್ತೇವೆ.

ಹದಿಮೂರನೆಯ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ವ್ಯಾಪಾರದ ನ್ಯಾಯವನ್ನು ಚರ್ಚಿಸುತ್ತಾ, ಕೊಳ್ಳುವವನಿಗೆ ಅಗತ್ಯ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಮಾರುವವನು ಬೆಲೆ ಏರಿಸಬಾರದು, ಏಕೆಂದರೆ ಆ ಅಗತ್ಯ ಮಾರುವವನ ಸೊತ್ತಲ್ಲ ಎಂದು ವಾದಿಸಿದರು. ಇದನ್ನು ತಿರುಗಿಸಿ ಓದಬಾರದೇ? ಸಂಜೆ ಕೊನೆಯ ಬಸ್ಸಿಗೆ ಮುಂಚೆ ಸೊಪ್ಪು ಖಾಲಿಯಾಗಬೇಕೆಂಬ ಆ ಹೆಂಗಸಿನ ಅವಸರ ನಮ್ಮ ಸೊತ್ತೇ? ಅದರಿಂದ ಐದು ರೂಪಾಯಿ ಲಾಭ ಮಾಡಿಕೊಳ್ಳಲು ನಮಗೆ ಹಕ್ಕು ಕೊಟ್ಟವರು ಯಾರು?

ಮಗಳ ಪಾಲಿಗೂ ಒಂದು ಮಾತು ಉಳಿದಿತ್ತು. ಎರಡು ವರ್ಷದಿಂದ ಅವಳು ಅಲ್ಲಿಂದಲೇ ಮೊಬೈಲಿನಲ್ಲಿ ಅಡುಗೆ ಎಣ್ಣೆ, ಬೇಳೆ ಎಲ್ಲವನ್ನೂ ತರಿಸಿ ತಾಯಿಗೆ ಕಳಿಸುತ್ತಾಳೆ. ಪ್ರೀತಿಯಿಂದಲೇ. ಬೆಲೆಯೂ ಕಡಿಮೆ. ಪೆಟ್ಟಿಗೆ ಬಂದಾಗಲೆಲ್ಲ ತಂಗಿ ಅದನ್ನು ಗೋಣಿ ಮುಚ್ಚಿ ಒಳಗೆ ತರುತ್ತಾಳೆ, ಅಂಗಡಿಯವರು ಕಂಡಾರೆಂದು. ಕಷ್ಟದಲ್ಲಿ ಕಾದವರಿಗೆ ನಮ್ಮ ಸುಖದ ದಿನದ ವ್ಯಾಪಾರ ಸಲ್ಲಬೇಕಲ್ಲವೇ ಎಂದು ನಾನು ಕೇಳಿದೆ. ಬಾಕಿ ತೀರಿಸಿದ್ದೇವಲ್ಲ, ಇನ್ನೇನು ಋಣ ಎಂದಳು ಮಗಳು. ಲೆಕ್ಕದ ಪ್ರಕಾರ ಅವಳದೇ ಸರಿ. ತಂಗಿ ಮಾತ್ರ ಆ ಗೋಣಿಯ ಮಾತು ಬಂದಾಗ ತಲೆ ತಗ್ಗಿಸಿದ್ದಳು.

ಹೊರಡುವ ಹಿಂದಿನ ದಿನ ಮಗಳೊಬ್ಬಳೇ ಪೇಟೆಗೆ ಹೋಗಿ ಎರಡು ಕಟ್ಟು ಹರಿವೆ ತಂದಳು. ಹೇಳಿದಷ್ಟು ಕೊಟ್ಟಳಂತೆ. ಆ ಹೆಂಗಸು ಇವಳನ್ನು ಒಮ್ಮೆ ಅನುಮಾನದಿಂದ ನೋಡಿ, ಕೊಸರೆಂದು ಒಂದು ಹಿಡಿ ಸೂಜಿಮೆಣಸನ್ನು ಚೀಲಕ್ಕೆ ಹಾಕಿದಳಂತೆ. ಬೇಡವೆಂದರೂ ಕೇಳಲಿಲ್ಲವಂತೆ.