ಸಾಕ್ಷಿ ಹೇಳಲಾಗದವರ ಸ್ವಸ್ಥತೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯಲ್ಲಿ ಕಾಯಿಲೆ ಬಿದ್ದವರ ಮನೆಯವರು ಒಂದೇ ಕಡೆ ಪರಿಹಾರ ಹುಡುಕುವುದಿಲ್ಲ. ದವಾಖಾನೆಗೆ ತೋರಿಸಿಕೊಂಡು ಬಂದವರೇ ಕಲಬುರಗಿಯ ಬಂದೇನವಾಜರ ದರ್ಗಾಕ್ಕೋ ವಾಡಿ ಹತ್ತಿರದ ಹಲಕಟ್ಟಾ ದರ್ಗಾಕ್ಕೋ ನಡೆದುಕೊಳ್ಳುತ್ತಾರೆ, ಊರಮ್ಮನಿಗೆ ಹರಕೆ ಹೊರುತ್ತಾರೆ, ತಾಯತ ಕಟ್ಟಿಸುತ್ತಾರೆ, ಪಾಸ್ಟರರನ್ನು ಕರೆಸಿ ಪ್ರಾರ್ಥನೆ ಮಾಡಿಸುವವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಆರೋಗ್ಯವೆಂದರೇನು, ಅದನ್ನು ಕೊಡುವವರು ಯಾರು, ಅದು ಸಿಗದೆ ಹೋದಾಗ ತಪ್ಪು ಯಾರದು ಎಂಬ ಪ್ರಶ್ನೆಗಳಿಗೆ ಕ್ರೈಸ್ತ ದೇವಶಾಸ್ತ್ರವು, ಅಂದರೆ ವಿಶ್ವಾಸವನ್ನು ವಿಚಾರದ ಒರೆಗೆ ಹಚ್ಚುವ ಶಿಸ್ತು, ಇಂಥ ನೆಲದಲ್ಲಿ ನಿಂತು ಉತ್ತರಿಸಬೇಕಾಗುತ್ತದೆ. ಮೂರರಲ್ಲಿ ಕೊನೆಯದೇ ಕಠಿಣವಾದುದು.

ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಭಾಗದಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ ಬೇರೂರಿತು; ಬೀದರ್, ಕಲಬುರಗಿ ಕಡೆಯ ಅದರ ಸಭೆಗಳಲ್ಲಿ ಹೆಚ್ಚಿನವರು ದಲಿತ ಮೂಲದವರು, ಅದರ ವೈದ್ಯಕೀಯ ಸೇವೆಯ ಗುರುತಾಗಿ ಯಾದಗಿರಿಯಲ್ಲಿ ಹೋಲ್ಸ್ಟನ್ ಆಸ್ಪತ್ರೆ ಬೆಳೆಯಿತು. ದೇಹದ ಹೊಣೆ ಡಾಕ್ಟರರದು, ಆತ್ಮದ ಹೊಣೆ ಬೋಧಕರದು ಎಂಬ ವಿಂಗಡಣೆ ಅಂದಿನ ಮಿಷನರಿಗಳಲ್ಲಿ ಅನೇಕರಿಗೆ ಸಹಜವಾಗಿತ್ತು. ಈ ವಿಂಗಡಣೆಯ ಕೊರತೆಯನ್ನು ಎತ್ತಿ ತೋರಿಸಿದವರು ತೆಲಂಗಾಣದ ಶಂಷಾಬಾದಿನಲ್ಲಿ ಹುಟ್ಟಿ ಅಲ್ಲಿಯೇ ಮಿಷನರಿಯಾಗಿ ದುಡಿದ ಮಾನವಶಾಸ್ತ್ರಜ್ಞ ಪಾಲ್ ಹೀಬರ್ಟ್. ಅವರ 1982ರ ಪ್ರಸಿದ್ಧ ಲೇಖನದಲ್ಲಿ ಒಂದು ಹಳ್ಳಿಯ ಪ್ರಸಂಗ ಬರುತ್ತದೆ: ಊರಿಗೆ ಸಿಡುಬು ಬಂದಾಗ ಮೈಸಮ್ಮನಿಗೆ ಕೋಣ ಕಡಿಯಲು ಎಲ್ಲರೂ ವಂತಿಗೆ ಕೊಡಬೇಕೆಂಬ ಒತ್ತಾಯ ಕ್ರೈಸ್ತರ ಮೇಲೂ ಬೀಳುತ್ತದೆ, ಅವರು ಒಪ್ಪುವುದಿಲ್ಲ, ಅಷ್ಟರಲ್ಲಿ ಕ್ರೈಸ್ತರ ಹುಡುಗಿಯೊಬ್ಬಳೇ ಕಾಯಿಲೆ ಬೀಳುತ್ತಾಳೆ. ಮೇಲಿನ ದೇವರ ಬಗ್ಗೆ ಬೋಧನೆಯೂ ಕೆಳಗಿನ ರೋಗಾಣುವಿನ ಬಗ್ಗೆ ವಿಜ್ಞಾನವೂ ಮಿಷನರಿಯ ಕೈಯಲ್ಲಿದ್ದವು. ಆದರೆ ದೃಷ್ಟಿ, ದೆವ್ವ, ದೇವತೆಯ ಮುನಿಸು ಎಂದು ಜನ ದಿನನಿತ್ಯ ಅಂಜುವ ನಡುವಿನ ಲೋಕಕ್ಕೆ ಅವರ ಬಳಿ ಮಾತಿರಲಿಲ್ಲ ಎಂಬುದು ಹೀಬರ್ಟರ ವಾದ. ಸಿಡುಬು ಹೋಗಿದೆ, ಆ ಅಂಜಿಕೆ ಹೋಗಿಲ್ಲ.

ಆ ನಡುವಿನ ಜಾಗವನ್ನು ಈ ಸೀಮೆಯ ಕ್ರೈಸ್ತರು ತಮ್ಮದೇ ರೀತಿಯಲ್ಲಿ ತುಂಬಿಕೊಂಡಿದ್ದಾರೆ. ವಾಡಿಯಿಂದ ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗದ ಧಾರೂರಿನಲ್ಲಿ ಸುಮಾರು ನೂರು ವರ್ಷಗಳಿಂದ ನವೆಂಬರಿನಲ್ಲಿ ಮೆಥಡಿಸ್ಟ್ ಜಾತ್ರೆ ನಡೆಯುತ್ತಿದೆ. ಗಡಿಯ ಎರಡೂ ಬದಿಯ ಜನ ಡೇರೆ ಹಾಕಿಕೊಂಡು ಉಳಿದು ಅಲ್ಲಿ ಪ್ರಾರ್ಥಿಸುತ್ತಾರೆ. ಇನ್ನುಳಿದ ದಿನಗಳಲ್ಲಿ ಉಪವಾಸ ಪ್ರಾರ್ಥನೆಗಳಿವೆ, ರೋಗಿಯ ಹಣೆಗೆ ಎಣ್ಣೆ ಹಚ್ಚುವ ಪದ್ಧತಿಯಿದೆ, ಗುಣವಾದವರು ಸಭೆಯ ಮುಂದೆ ನಿಂತು ಸಾಕ್ಷಿ ಹೇಳುವ ರೂಢಿಯಿದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಊರ ಕೇರಿಯಿಂದ ಹೊರಗಿಡಲಾಗಿದ್ದ ಮೈಯನ್ನು ಒಬ್ಬರು ಮುಟ್ಟಿ ಪ್ರಾರ್ಥಿಸುವುದರಲ್ಲಿಯೇ ವಾಸಿಯಾಗುವ ಒಂದು ಭಾಗ ನಡೆದುಹೋಗಿರುತ್ತದೆ. ಆದರೆ ಗುಣವಾಗದವರು ಸಾಕ್ಷಿ ಹೇಳಲು ಏಳುವುದಿಲ್ಲ. ಅವರಿಗೆ ವಿಶ್ವಾಸ ಸಾಲದು ಎಂದು ಬೋಧಕರು ಬಾಯಿಬಿಟ್ಟು ಹೇಳದಿದ್ದರೂ ಪಕ್ಕದಲ್ಲಿ ಕುಳಿತವರು ಹಾಗೆಂದುಕೊಳ್ಳುತ್ತಾರೆ, ಕಡೆಗೆ ರೋಗಿಯೂ ಅದನ್ನೇ ನಂಬುತ್ತಾನೆ. ಹಿಂದಿನ ಜನ್ಮದ ಕರ್ಮವೆಂದು ಹೇಳಿ ದಲಿತನ ದುಃಖವನ್ನು ಅವನ ತಲೆಗೇ ಕಟ್ಟಿದ ಲೆಕ್ಕಾಚಾರವು ಹೀಗೆ ಬೇರೆ ಹೆಸರಿನಲ್ಲಿ ಚರ್ಚಿನೊಳಗೂ ಬಂದು ಕೂರುತ್ತದೆ.

ಈ ಲೆಕ್ಕಾಚಾರವನ್ನು ಯೇಸು ನೇರವಾಗಿ ತಿರಸ್ಕರಿಸಿದ್ದನ್ನು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯ ದಾಖಲಿಸುತ್ತದೆ: ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಇವನದೋ ಹೆತ್ತವರದೋ ಎಂದು ಕೇಳಿದಾಗ, ಯಾರದೂ ಅಲ್ಲವೆಂಬುದು ಅವನ ಉತ್ತರ. ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳೊಂದನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡನು, ಅದು ಹೋಗಲಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅವನು ಅದನ್ನು ಮುಚ್ಚಿಡದೆ ಹೇಳಿಕೊಂಡಿದ್ದಾನೆ. ಗುಣವಾಗದ್ದೂ ಸಭೆಯ ಮುಂದೆ ಹೇಳಬಹುದಾದ ಸಾಕ್ಷಿಯೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಶಹಾಬಾದ್, ಚಿತ್ತಾಪುರದ ಕಲ್ಲಿನ ಗಣಿಗಳಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಫರಸಿ ಕೊಯ್ಯುವ, ಪಾಲಿಶ್ ಮಾಡುವ ಕೆಲಸದಲ್ಲಿ ಏಳುವ ಧೂಳಿನಲ್ಲಿ ಸಿಲಿಕಾ ಇದ್ದು ಅದು ವರ್ಷಗಟ್ಟಲೆ ಒಳಸೇರಿದರೆ ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಎಂಬ ಈ ರೋಗದಲ್ಲಿ ಹಾಳಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ, ಕ್ಷಯ ತಗುಲುವ ಅಪಾಯವೂ ಹೆಚ್ಚುತ್ತದೆ. ಇಲ್ಲಿ ಕಾರಣವನ್ನು ರೋಗಿಯ ಪಾಪದಲ್ಲಿ ಹುಡುಕುವುದು ಗಣಿಯ ಮಾಲೀಕನನ್ನು ಹೊಣೆಯಿಂದ ಬಿಡಿಸಿದಂತೆ. ಆದ್ದರಿಂದ ಸ್ವಸ್ಥತೆಯ ದೇವಶಾಸ್ತ್ರವು ನ್ಯಾಯದ ದೇವಶಾಸ್ತ್ರವೂ ಆಗದೆ ಪೂರ್ಣವಾಗಲಾರದು.

ಈ ದಿಕ್ಕಿನಲ್ಲಿ ಜಗತ್ತಿನ ಚರ್ಚುಗಳು ನಡೆದದ್ದು ಹಳೆಯ ಮಾತೇನಲ್ಲ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ 1964ರಲ್ಲಿ ನಡೆದ ಸಮಾಲೋಚನೆ, ಸ್ವಸ್ಥಪಡಿಸುವ ಕೆಲಸ ಆಸ್ಪತ್ರೆಗಷ್ಟೇ ಸೇರಿದ್ದಲ್ಲ, ಇಡೀ ಸಭೆಯದು ಎಂದು ಸಾರಿತು. 1968ರಲ್ಲಿ ವಿಶ್ವ ಚರ್ಚುಗಳ ಮಂಡಳಿ ಕ್ರೈಸ್ತ ವೈದ್ಯಕೀಯ ಆಯೋಗವನ್ನು ರಚಿಸಿತು. ಪಕ್ಕದ ಮಹಾರಾಷ್ಟ್ರದ ಜಾಮಖೇಡದಲ್ಲಿ 1970ರಿಂದ ರಜನಿಕಾಂತ್ ಮತ್ತು ಮೇಬೆಲ್ ಆರೊಳೆ ದಂಪತಿ, ಅಕ್ಷರ ಬಾರದ ಹೆಂಗಸರನ್ನೂ ಗ್ರಾಮ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿ, ಹೆರಿಗೆ, ನೀರು, ಜಾತಿ ಇವೆಲ್ಲವನ್ನೂ ಆರೋಗ್ಯದ ಪ್ರಶ್ನೆಗಳೆಂದೇ ಎತ್ತಿಕೊಂಡರು. ಇಂಥ ಅನುಭವಗಳು 1978ರ ಆಲ್ಮಾ ಆಟಾ ಘೋಷಣೆಯ ಪ್ರಾಥಮಿಕ ಆರೋಗ್ಯ ಚಿಂತನೆಗೂ ಒದಗಿಬಂದವು. ಆಸ್ಪತ್ರೆಗಳು ಮತಾಂತರದ ಸಾಧನವಾಗಬಾರದೆಂಬ ಗಾಂಧೀಜಿಯವರ ಆಕ್ಷೇಪಣೆಗೆ ಕ್ರೈಸ್ತರು ಕೊಡಬಹುದಾದ ಪ್ರಾಮಾಣಿಕ ಉತ್ತರವೂ ಇಂಥ ಕೆಲಸವೇ, ಏಕೆಂದರೆ ಅಲ್ಲಿ ಆರೈಕೆ ಯಾವ ಷರತ್ತಿಗೂ ಒಳಪಟ್ಟಿರುವುದಿಲ್ಲ.

ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ಮಾಳಿಗೆ ಹತ್ತಿ, ಮೇಲ್ಮುದ್ದೆಯನ್ನು ಅಗೆದು, ಅವನನ್ನು ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ಮಣ್ಣಿನ ಮಾಳಿಗೆ ಮನೆಗಳನ್ನು ಬಲ್ಲ ಸೇಡಂ, ಚಿಂಚೋಳಿಯ ಓದುಗರಿಗೆ ಆ ಉದುರುವ ಮಣ್ಣನ್ನು ವಿವರಿಸಬೇಕಾಗಿಲ್ಲ. ಯೇಸು ಗಮನಿಸಿದ್ದು ಹೊತ್ತು ತಂದವರ ವಿಶ್ವಾಸವನ್ನು. ಮಲಗಿದ್ದವನ ವಿಶ್ವಾಸ ಎಷ್ಟಿತ್ತೆಂದು ಅಲ್ಲಿ ಯಾರೂ ಅಳೆಯುವುದಿಲ್ಲ. ಗಣಿಯ ರೋಗಿಗೂ ಹೀಗೆ ಹೊತ್ತು ಒಯ್ಯುವವರು ಬೇಕು. ಸಿಲಿಕೋಸಿಸ್ ಕಾನೂನಿನ ಪ್ರಕಾರ ಅಧಿಸೂಚಿತ ಔದ್ಯೋಗಿಕ ರೋಗ, ಅಂದರೆ ಅದನ್ನು ಸರ್ಕಾರದ ಗಮನಕ್ಕೆ ತರಲೇಬೇಕು, ಅದಕ್ಕೆ ಪರಿಹಾರದ ಹಕ್ಕೂ ಇದೆ. ಎಣ್ಣೆ ಹಚ್ಚಿ ಪ್ರಾರ್ಥಿಸಿದ ಸಭೆಯೇ ಕೆಮ್ಮುವ ಕಾರ್ಮಿಕನನ್ನು ಎಕ್ಸ್‌ರೇ ತೆಗೆಸಲು ಕರೆದೊಯ್ದು, ಅವನು ಯಾವ ಗಣಿಯಲ್ಲಿ ಎಷ್ಟು ವರ್ಷ ದುಡಿದನೆಂದು ಬರೆದಿಟ್ಟು, ಆ ಕಾಗದವನ್ನು ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಅವನ ಜೊತೆ ಹೋದರೆ, ಅದೂ ಆರಾಧನೆಯ ಮುಂದುವರಿಕೆಯೇ ಆಗಿರುತ್ತದೆ.