ಹೆಗಲು ಕೊಟ್ಟವರ ಪುಣ್ಯ

ಅನಾಥಪ್ರೇತಕ್ಕೆ ಹೆಗಲು ಕೊಟ್ಟವನಿಗೆ ಅಶ್ವಮೇಧದ ಫಲ ಎಂದು ನಮ್ಮ ಕಡೆ ಹೇಳುತ್ತಾರೆ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮಪ್ಪ ಇದನ್ನು ಗಟ್ಟಿಯಾಗಿ ನಂಬಿದ್ದರು. ಸತ್ತವನು ಜಗದ್ವಿಖ್ಯಾತನಾದರೆ ಹೊತ್ತವರ ಪುಣ್ಯ ಯಾರ ಖಾತೆಗೆ ಹೋಗುತ್ತದೆ? ಈ ಪ್ರಶ್ನೆ ನನ್ನ ಬೆನ್ನು ಹತ್ತಿದ್ದು ಮಗಳ ಮನೆಗೆಂದು ಗ್ಲಾಸ್ಗೋಗೆ ಹೋದಾಗ, ಪಕ್ಕದ ಬ್ಲಾಂಟೈರ್ ಊರಿನಲ್ಲಿ.

ಅಲ್ಲಿ ಕ್ಲೈಡ್ ನದಿಯ ಮೇಲಿನ ದಿಣ್ಣೆಯಲ್ಲಿ ಶಟಲ್ ರೋ ಎಂಬ ಗಿರಣಿ ಕಾರ್ಮಿಕರ ವಠಾರವಿದೆ. ಒಂದು ಕಾಲಕ್ಕೆ 24 ಸಂಸಾರಗಳಿದ್ದ ಕಟ್ಟಡ. ಅದರ ಒಂದೇ ಕೋಣೆಯ ಮನೆಯಲ್ಲಿ 1813ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ. ಹತ್ತನೇ ವಯಸ್ಸಿಗೇ ಗಿರಣಿ ಸೇರಿ, ಬೆಳಗಿನ ಆರರಿಂದ ರಾತ್ರಿ ಎಂಟರವರೆಗೆ ಹರಿದ ನೂಲಿಗೆ ಗಂಟು ಹಾಕಿದ. ಮೊದಲ ವಾರದ ಕೂಲಿಯಲ್ಲಿ ಲ್ಯಾಟಿನ್ ವ್ಯಾಕರಣ ಕೊಂಡ. ಮುಂದೆ ಮಿಷನರಿ, ವೈದ್ಯ, ಆಫ್ರಿಕಾದ ಅನ್ವೇಷಕ.

ಗಿರಣಿ ಮುಚ್ಚಿದ ಮೇಲೆ ಪಾಳುಬಿದ್ದಿದ್ದ ವಠಾರವನ್ನು ಪಾದ್ರಿ ಜೇಮ್ಸ್ ಮ್ಯಾಕ್‌ನೇರ್ ಮತ್ತು ಸಂಗಡಿಗರು ಚಂದಾ ಎತ್ತಿ ಉಳಿಸಿದರು. 1929ರಲ್ಲಿ ಅದು ಮ್ಯೂಸಿಯಂ ಆಯಿತು. ಸಂತರನ್ನೂ ಅವರ ಅವಶೇಷಗಳನ್ನೂ ಚರ್ಚಿನಿಂದ ಹೊರಹಾಕಿದ ಪ್ರಾಟೆಸ್ಟೆಂಟರ ನಾಡು ಅದು. ಸತ್ಕರ್ಮದಿಂದ ಮೋಕ್ಷವಿಲ್ಲ, ದೇವರ ಕೃಪೆಯೊಂದೇ ಗತಿ ಎನ್ನುವವರು. ಆದರೂ ಕಾಗದ ಸಿಗದೆ ಲಿವಿಂಗ್‌ಸ್ಟನ್ ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಬರೆದ 1871ರ ದಿನಚರಿಯನ್ನು ಜೋಪಾನ ಮಾಡಿದ್ದಾರೆ. ಭಕ್ತಿ ಸಿದ್ಧಾಂತದ ಮಾತು ಕೇಳುವುದಿಲ್ಲ, ಬಿಡಿ.

ಮ್ಯೂಸಿಯಂ 2017ರಲ್ಲಿ ಮುಚ್ಚಿ, ಸುಮಾರು 90 ಲಕ್ಷ ಪೌಂಡಿನ ಜೀರ್ಣೋದ್ಧಾರದ ನಂತರ 2021ರಲ್ಲಿ ತೆರೆಯಿತು. ಮಾಡು, ಗೋಡೆಗಳ ದುರಸ್ತಿ ಇರಲಿ. ನನಗೆ ಮುಖ್ಯವೆನಿಸಿದ್ದು ಕಥೆಯ ದುರಸ್ತಿ. ಬ್ಲಾಂಟೈರಿನ ಗಿರಣಿ ನೂಲುತ್ತಿದ್ದುದು ಅಟ್ಲಾಂಟಿಕ್‌ನಾಚೆ ಗುಲಾಮರು ಬೆಳೆದ ಹತ್ತಿಯನ್ನು ಎಂದು ಈಗ ಅಲ್ಲಿ ಹೇಳುತ್ತಾರೆ. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದವನ ಮೊದಲ ಪುಸ್ತಕಕ್ಕೆ ದುಡ್ಡು ಬಂದದ್ದು ಅದೇ ಹತ್ತಿಯಿಂದ. ಹುಡುಗನ ತಪ್ಪೇನಿಲ್ಲ, ಋಣವಂತೂ ಇದೆ.

ಪುಣ್ಯದ ಲೆಕ್ಕವೂ ಹಾಗೆಯೇ. 1873ರ ಮೇ ತಿಂಗಳಲ್ಲಿ, ಇಂದಿನ ಜಾಂಬಿಯಾದ ಚಿತಾಂಬೊ ಎಂಬ ಹಳ್ಳಿಯಲ್ಲಿ, ಹಾಸಿಗೆಯ ಬಳಿ ಮಂಡಿಯೂರಿದ ಭಂಗಿಯಲ್ಲೇ ಆತ ತೀರಿಕೊಂಡಿದ್ದ. ಆತನ ಆಫ್ರಿಕನ್ ಸಹಚರರಾದ ಚೂಮಾ, ಸೂಸಿ ಮತ್ತು ಸಂಗಡಿಗರು ಹೃದಯವನ್ನು ಅಲ್ಲೇ ಮರದಡಿ ಹೂಳಿದರು. ಪ್ರಾರ್ಥನೆ ಓದಿದವನು ಜೇಕಬ್ ವೇನ್‌ರೈಟ್. ಗುಲಾಮಗಿರಿಯಿಂದ ಬಿಡುಗಡೆಗೊಂಡ ಅವನಿಗೆ ಅಕ್ಷರ ಕಲಿಸಿದ್ದು ನಮ್ಮ ನಾಸಿಕದ ಮಿಷನ್ ಶಾಲೆ. ಚೂಮಾ ಓದಿದ್ದು ಬೊಂಬಾಯಿಯಲ್ಲಿ. ದೇಹಕ್ಕೆ ಉಪ್ಪು ಹಚ್ಚಿ, ಬಿಸಿಲಲ್ಲಿ ಒಣಗಿಸಿ, ಬಟ್ಟೆ ಸುತ್ತಿ ಸಾವಿರ ಮೈಲಿಗೂ ಹೆಚ್ಚು ದೂರದ ಕಡಲ ತೀರಕ್ಕೆ ಹೊರಟರು. ದಾರಿಯಲ್ಲಿ ಸಿಕ್ಕ ಇಂಗ್ಲಿಷ್ ಅಧಿಕಾರಿ ಕ್ಯಾಮರೂನ್ ಇಲ್ಲೇ ಮಣ್ಣು ಮಾಡಿ ಎಂದ; ಒಪ್ಪಲಿಲ್ಲ. ಹೆಣ ಹಾದುಹೋಗುವುದಕ್ಕೆ ಊರವರು ಅಡ್ಡಿ ಮಾಡಿದಾಗ ಅದನ್ನು ಬಟ್ಟೆಯ ಗಂಟಿನಂತೆ ಕಟ್ಟಿ ಸಾಗಿಸಿದರು. ಗಿರಣಿಯ ಹುಡುಗ ಜವಳಿಯ ವೇಷದಲ್ಲಿ ಮನೆಗೆ ಹೊರಟ!

ಅಬ್ದುಲ್ಲಾ ಸೂಸಿ ಆಗ ಕ್ರೈಸ್ತನಲ್ಲ; ದೀಕ್ಷಾಸ್ನಾನವಾಗಿದ್ದು 1886ರಲ್ಲಿ. ಯಾವ ಧರ್ಮದ ಯಾವ ಫಲಕ್ಕಾಗಿ ಹೊತ್ತ? ಫಲದ ಯೋಚನೆ ಇದ್ದವನು ಕ್ಯಾಮರೂನನ ಮಾತು ಕೇಳಿ ಅರ್ಧದಾರಿಯಲ್ಲೇ ಹಗುರಾಗುತ್ತಿದ್ದ ಎಂಬುದು ನನ್ನ ಅನಿಸಿಕೆ. ಕೊನೆಗೆ ದೇಹವನ್ನು ಹೂಳಿದ ವೆಸ್ಟ್‌ಮಿನ್‌ಸ್ಟರ್ ಅಬೆಯ ಗೋರಿಕಲ್ಲು ನಿಷ್ಠಾವಂತ ಕೈಗಳನ್ನು ನೆನೆಯುತ್ತದೆ, ಹೆಸರು ಹೇಳುವುದಿಲ್ಲ. ಬ್ಲಾಂಟೈರ್ ಈಗ ಹೆಸರುಗಳನ್ನು ಹೇಳುತ್ತಿದೆ. ಇದರಿಂದ ಲಿವಿಂಗ್‌ಸ್ಟನ್ ಕುಗ್ಗಿದ ಎಂದು ಕೆಲವರು ಗೊಣಗಬಹುದು. ನನಗೆ ಹಾಗನ್ನಿಸಲಿಲ್ಲ. ಇಂಥವರು ಹೊತ್ತು ತರಲು ಒಪ್ಪಿದ ಮನುಷ್ಯ ಎಂಬುದಕ್ಕಿಂತ ದೊಡ್ಡ ಬಿರುದು ಅವನಿಗೆ ಬೇಕೂ ಇಲ್ಲ.

ಮಕ್ಕಳ ಮನೆಗೆಂದು ಆ ಕಡೆ ಹೋಗುವವರು ಅರ್ಧ ದಿನ ಬಿಡುವು ಮಾಡಿಕೊಂಡು ಬ್ಲಾಂಟೈರಿಗೆ ಹೋಗಿಬನ್ನಿ. ಹುಟ್ಟಿದ ಕೋಣೆಯನ್ನು ಎಲ್ಲರೂ ತೋರಿಸುತ್ತಾರೆ. ಶಿಲ್ಪಿ ಪಿಲ್ಕಿಂಗ್ಟನ್ ಜಾಕ್ಸನ್ ಕಡೆದ ಶಿಲ್ಪಗಳೂ ಅಲ್ಲಿವೆ, ಅವನ್ನು ನೋಡಲು ಹೆಚ್ಚು ಹೊತ್ತು ಕೊಡಿ.