ಹಳಿಯ ಮೇಲಿನ ಕಡಲೆಕಾಳು

ಇಂಜಿನ್ ದಿನವೂ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು. ದಂಡು ನಿಲ್ದಾಣ ಇನ್ನು ನಾಲ್ಕು ಬೆರಳು ದೂರವಿದೆ ಎನ್ನುವಾಗ, ಹಳಿ ಕವಲೊಡೆಯುವಲ್ಲಿ, ಮುಂದೀಪ ಒಮ್ಮೆ ಮಿಣುಕಿ ಆರಿಹೋಗುತ್ತಿತ್ತು. ಕಿರುಬೆರಳಿನಿಂದ ತುಸು ತಳ್ಳಿದರೆ ಮತ್ತೆ ಹೊರಡುತ್ತಿತ್ತು. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ನಾನು ಕಟ್ಟಿಕೊಂಡ, ಬೆಂಗಳೂರು ದಂಡಿನಿಂದ ಕೃಷ್ಣರಾಜಪುರದ ಕಡೆಗಿನ ಮಾದರಿ ರೈಲುದಾರಿಯ ಮಾತು ಇದು. ಮನೆ ಇರುವುದು ಕಾಕ್ಸ್‌ಟೌನಿನಲ್ಲಿ, ಬೆಂಗಳೂರು ಪೂರ್ವ ನಿಲ್ದಾಣದ ಮಗ್ಗುಲಲ್ಲಿ. ಹಲಗೆಯ ರೈಲು ಓಡಿಸುತ್ತಿರುವಾಗಲೇ ಹೊರಗೆ ನಿಜವಾದ ರೈಲು ಹಾದುಹೋಗುವುದುಂಟು. ಆಗ ಹಲಗೆಯೂ ಸಣ್ಣಗೆ ನಡುಗುತ್ತದೆ.

ಈ ಬೇಸಿಗೆಯಲ್ಲಿ ಇಡೀ ದಾರಿಯನ್ನು ಡಿಜಿಟಲ್‌ಗೆ ಬದಲಾಯಿಸಿದೆ. ಮೊದಲು ಇದ್ದದ್ದು ಹಳೆಯ ಕ್ರಮ. ಹಳಿಗೆ 12 ವೋಲ್ಟ್ ನೇರ ವಿದ್ಯುತ್, ಕೈಯಲ್ಲೊಂದು ಗುಂಡಿ. ಗುಂಡಿ ತಿರುಗಿಸಿದರೆ ಹಳಿಯ ಮೇಲಿದ್ದ ಇಂಜಿನ್‌ಗಳೆಲ್ಲ ಒಟ್ಟಿಗೇ ಹೊರಡುತ್ತಿದ್ದವು. ಹೊಸ ಕ್ರಮದಲ್ಲಿ ಹಳಿಯಲ್ಲಿ ಸದಾ ವಿದ್ಯುತ್ ಇರುತ್ತದೆ, ಅದರೊಳಗೇ ಆಜ್ಞೆಗಳೂ ಹರಿಯುತ್ತಿರುತ್ತವೆ. ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲಿ ಉಗುರಿನಷ್ಟಗಲದ ಒಂದು ಡಿಕೋಡರ್. ಅದಕ್ಕೊಂದು ಸಂಖ್ಯೆ. ಕಾರ್ಖಾನೆಯಿಂದ ಬರುವಾಗ ಎಲ್ಲದರ ಸಂಖ್ಯೆಯೂ 3. ನಾವು ಇಂಜಿನ್ನಿನ ಮೈಮೇಲೆ ಬರೆದ ಅಂಕಿಯನ್ನೇ ಅದಕ್ಕೆ ಕಲಿಸಿಕೊಡುತ್ತೇವೆ. ಎಸ್.ಪಿ. ರೋಡಿನಿಂದ ತಂದ ತೆಳು ತಂತಿಗಳನ್ನು ಬೆಸುಗೆ ಹಾಕಿ, ಮೊದಲ ಸಲ ಸಂಖ್ಯೆ ಒತ್ತಿದಾಗ, ಸಾಲಾಗಿ ನಿಂತ ನಾಲ್ಕರಲ್ಲಿ ಕರೆದದ್ದೊಂದೇ ಮುಂದೆ ಬಂತು. ಜಾತ್ರೆಯ ಗದ್ದಲದಲ್ಲಿ ತಾಯಿ ಹೆಸರು ಕೂಗಿದರೆ ಅವಳ ಮಗು ಮಾತ್ರ ತಿರುಗಿ ನೋಡುವ ಹಾಗೆ. ಒಳಗೆ ಏನು ನಡೆಯುತ್ತದೆಂದು ನನಗೆ ಗೊತ್ತಿತ್ತು, ತಂತಿ ಜೋಡಿಸಿದವನೂ ನಾನೇ. ಆದರೂ ಮೈ ಜುಮ್ಮೆಂದಿತು.

ಇಷ್ಟೆಲ್ಲ ಆದಮೇಲೂ ದಂಡಿನ ಹತ್ತಿರ ಅದು ನಿಲ್ಲುವುದು ತಪ್ಪಲಿಲ್ಲ. ಕೊನೆಗೆ ಹತ್ತಿಯ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಆ ಜಾಗದ ಹಳಿಯನ್ನು ಉಜ್ಜಿದೆ. ಬಿಳಿ ಹತ್ತಿ ಕಾಡಿಗೆಯಂತೆ ಕಪ್ಪಾಯಿತು. ಭೂತಗನ್ನಡಿ ಹಿಡಿದು ನೋಡಿದರೆ ಹಳಿಯ ನೆತ್ತಿಯ ಮೇಲೆ ಧೂಳಿನ ಕಣಗಳು.

ಅಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ನನ್ನ ರೈಲು ನಿಜದ ರೈಲಿನ 87ನೇ ಒಂದು ಪಾಲು. ಹಾಗಾದರೆ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟಿರುವ ಧೂಳಿನ ಕಣ, ಆ ಲೋಕದ ಅಳತೆಯಲ್ಲಿ ಸುಮಾರು 9 ಮಿಲಿಮೀಟರ್. ಹಳಿಯ ಮೇಲೊಂದು ಕಡಲೆಕಾಳು! ಇಂಜಿನ್ ಕುಗ್ಗಿಸಿದೆ, ಬೋಗಿ ಕುಗ್ಗಿಸಿದೆ, ನಿಲ್ದಾಣವನ್ನೂ ಕುಗ್ಗಿಸಿದೆ. ಧೂಳು ಮಾತ್ರ ಕುಗ್ಗಲು ಒಪ್ಪಲಿಲ್ಲ.

ಅಂದಿನಿಂದ ನನಗೆ ಇದೇ ಧ್ಯಾನ: ಯಾವುದು ಕುಗ್ಗುತ್ತದೆ, ಯಾವುದು ಕುಗ್ಗುವುದಿಲ್ಲ?

ಭಾರದ ಬೆರಗನ್ನೇ ನೋಡಿ. ಉದ್ದ, ಅಗಲ, ಎತ್ತರ ಮೂರೂ 87 ಪಾಲು ಕಿರಿದಾದರೆ, ಭಾರ 6,58,503 ಪಾಲು ಇಳಿಯಬೇಕು. ಕೃಷ್ಣರಾಜಪುರದ ಲೋಕೋ ಶೆಡ್ಡಿನ ಕೆಜೆಎಂ ಎಂಬ ಗುರುತು ಹೊತ್ತು ಗೂಡ್ಸ್ ಎಳೆಯುವ ಡಬ್ಲ್ಯುಡಿಜಿ-4 ಡೀಸೆಲ್ ಇಂಜಿನ್ ಸುಮಾರು 126 ಟನ್ ತೂಗುತ್ತದೆ. ಲೆಕ್ಕದಂತೆ ನನ್ನ ಪುಟ್ಟ ಇಂಜಿನ್ 190 ಗ್ರಾಂ ಇರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ 380 ಗ್ರಾಂ ತೋರಿಸುತ್ತದೆ. ಅಷ್ಟು ಭಾರ ತುಂಬದಿದ್ದರೆ ಚಕ್ರ ಹಳಿಯನ್ನು ಕಚ್ಚದು, ನಿಂತಲ್ಲೇ ಜಾರುತ್ತದೆ.

ಹಳಿಯ ಅಗಲದ್ದು ಇನ್ನೊಂದು ಸೋಜಿಗ. ಮಾದರಿ ರೈಲಿನ ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. 87ರಿಂದ ಗುಣಿಸಿದರೆ 1,435. ಆದರೆ ದಂಡಿನ ಮೂಲಕ ಹಾದುಹೋಗುವ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಅಗಲ. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಮದ್ರಾಸ್ ರೈಲ್ವೆ ಇದೇ ಅಗಲದ ಹಳಿಯನ್ನು ಇಲ್ಲಿಗೆ ತಂದಿತು. ಅಂದರೆ ನನ್ನ ದಂಡಿನ ಹಳಿ ಸುಮಾರು 3 ಮಿಲಿಮೀಟರ್ ಇಕ್ಕಟ್ಟು. ಹಾಗಾದರೆ ಈ 1,435 ಯಾರದು? ಒಂದು ದಿನ ಇಂದಿರಾನಗರದಲ್ಲಿ ಮೆಟ್ರೋಗೆ ಕಾಯುವಾಗ ಹೊಳೆಯಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲು ಓಡಿದ ನಮ್ಮ ಮೆಟ್ರೋದ ಹಳಿಯ ಅಗಲ ಅದು! ಮೆಟ್ರೋ ಕೂಡ ನನ್ನ ರೈಲಿನಂತೆ ತಲೆಯ ಮೇಲಿನ ತಂತಿಯ ಹಂಗಿಲ್ಲದೆ ಹಳಿಯ ಮಟ್ಟದಿಂದಲೇ ವಿದ್ಯುತ್ ಪಡೆಯುತ್ತದೆ, 750 ವೋಲ್ಟ್ ನೇರ ವಿದ್ಯುತ್. ದಂಡಿನ ರೈಲು ಕಟ್ಟುತ್ತಿದ್ದೇನೆ ಎಂದುಕೊಂಡಿದ್ದ ನಾನು, ಅರಿಯದೆಯೇ ಹಲಸೂರಿನ ಮೇಲೆ ಓಡುವ ರೈಲಿಗೂ ಹಳಿ ಹಾಸಿದ್ದೆ.

ಕಿರಿದನ್ನು ಕಟ್ಟಿ ಹಿರಿದನ್ನು ಕಾಣುವ ಆಸೆ ನಮ್ಮ ಮನೆಗಳಿಗೆ ಹೊಸದಲ್ಲ. ದಸರೆಗೆ ಗೊಂಬೆ ಕೂರಿಸುವಾಗ ಅಮ್ಮ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಿದ್ದಳು. ಹಬ್ಬದ ಹೊತ್ತಿಗೆ ಪಟ್ಟದ ಗೊಂಬೆಗಳ ಮುಂದೆ ಹಸಿರು ಹೊಲ. ಅದರ ಅಂಚಿನಲ್ಲಿ ಚನ್ನಪಟ್ಟಣದ ಮರದ ರೈಲು. ಅದೇ ನೆನಪಿನಲ್ಲಿ ನಾನೂ ಹಲಗೆಯ ಕೃಷ್ಣರಾಜಪುರದ ಕಡೆಗೆ ಒಂದು ತಟ್ಟೆ ರಾಗಿ ಬಿತ್ತಿದೆ. ಮೊಳಕೆ ನಾಲ್ಕು ಸೆಂಟಿಮೀಟರ್ ಬೆಳೆದು ನಿಂತಾಗ, ನನ್ನ ರೈಲಿನ ಪ್ರಯಾಣಿಕರಿಗೆ ಅದು ಮೂರೂವರೆ ಮೀಟರ್ ಎತ್ತರದ ಕಾಡು. ಜೀವ ಇರುವುದೂ ಕುಗ್ಗುವುದಿಲ್ಲ. ಅದು ತನ್ನ ಅಳತೆಗೇ ಬೆಳೆಯುತ್ತದೆ.

ಗುಟ್ಟು ತಿಳಿದರೆ ಬೆರಗು ಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ನನಗೆ ಹಾಗಾಗಲಿಲ್ಲ. ಎಂಟಡಿ ಹಳಿಯನ್ನು ಶುಚಿಯಾಗಿಡಲು ನನಗೆ ವಾರಕ್ಕೆ ಒಂದು ಸಂಜೆ ಬೇಕು. ಒಂದು ಜೋಡು ಸಡಿಲವಾದರೆ ರೈಲು ನಿಂತಿತು. ಇಲ್ಲಿಂದ ಚೆನ್ನೈ ಸುಮಾರು 360 ಕಿಲೋಮೀಟರ್. ಅಷ್ಟು ದೂರದ ಹಳಿಯ ಪ್ರತಿ ಜೋಡಿಗೂ, ಪ್ರತಿ ಪಾಯಿಂಟಿಗೂ ಯಾರದೋ ಕಣ್ಣು, ಯಾರದೋ ಕೈ ತಾಗಿರಬೇಕು. ಕೀಮನ್ ದಿನವೂ ಸುತ್ತಿಗೆ ಹಿಡಿದು ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುತ್ತಾನೆ. ಬಿಸಿಲಿರಲಿ, ಮಳೆಯಿರಲಿ, ಸಡಿಲವಾದದ್ದನ್ನು ಬಿಗಿ ಮಾಡುತ್ತಾನೆ. ಪೂರ್ವ ನಿಲ್ದಾಣದ ಬಳಿ ಎಷ್ಟೋ ವರ್ಷ ಅವರನ್ನು ನೋಡಿದ್ದೆ. ಆ ಹತ್ತಿಯ ಕಡ್ಡಿ ಕಪ್ಪಾದ ದಿನವೇ ಅವರ ಕೆಲಸ ಏನೆಂದು ನನಗೆ ಅರ್ಥವಾದದ್ದು. ರೈಲನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು, ಅದಕ್ಕೆ ಬೇಕಾದ ಕಾಳಜಿಯನ್ನು ಚಿಕ್ಕದು ಮಾಡಲಾಗದು.

ಈಗ ನನ್ನ ದಂಡು ನಿಲ್ದಾಣದ ಹತ್ತಿರ, ಆ ಕವಲಿನ ಪಕ್ಕದಲ್ಲಿ, ಎರಡು ಸೆಂಟಿಮೀಟರ್ ಎತ್ತರದ ಒಬ್ಬ ಕೀಮನ್ ನಿಂತಿದ್ದಾನೆ. ಕಿತ್ತಳೆ ಬಣ್ಣದ ಅಂಗಿ, ಕೈಯಲ್ಲಿ ಗುಂಡುಸೂಜಿಯ ತುದಿ ಕತ್ತರಿಸಿ ಮಾಡಿದ ಸುತ್ತಿಗೆ. ನೀವು ದಂಡಿನಿಂದ ಕೃಷ್ಣರಾಜಪುರದ ಕಡೆಗೆ ರೈಲಿನಲ್ಲಿ ಹೋಗುವಾಗ ಅಂಥದೇ ಅಂಗಿ ತೊಟ್ಟವರು ಹಳಿಯಿಂದ ಪಕ್ಕಕ್ಕೆ ಸರಿದು, ರೈಲು ದಾಟಲೆಂದು ನಿಂತಿರುವುದು ಕಂಡೀತು. ಕಿಟಕಿಯಿಂದ ಒಮ್ಮೆ ಕೈ ಎತ್ತಿ ನಮಸ್ಕರಿಸಿ.